ಗಾಲಿಕುರ್ಚಿ, ಕೃತಕ ಕಾಲು, ಮನೆಯ ಮಾರ್ಪಾಡು: ನೆರವು ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು?

ಪಾರ್ಶ್ವವಾಯು ಬಡಿದ ತಂದೆಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಅನೇಕ ಕುಟುಂಬಗಳಿಗೆ ಮುಂದಿನ ಖರ್ಚಿನ ಅರಿವಾಗುತ್ತದೆ. ಆಸ್ಪತ್ರೆಯ ಬಿಲ್ಲಿಗೆ ವಿಮೆ ಇರುತ್ತದೆ. ಆದರೆ ಗಾಲಿಕುರ್ಚಿ, ಕಮೋಡ್ ಕುರ್ಚಿ, ಏರ್‌ಬೆಡ್, ಬಚ್ಚಲಿನ ಗೋಡೆಗೆ ಹಿಡಿಕೆ, ಬಾಗಿಲ ಮುಂದೆ ಇಳಿಜಾರು ಇವುಗಳಿಗೆ ಬಹುಪಾಲು ಆರೋಗ್ಯ ವಿಮೆಗಳು ಹಣ ಕೊಡುವುದಿಲ್ಲ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮನೆಯಲ್ಲಿ ಈ ಖರ್ಚು ಒಂದು ಸಲಕ್ಕೆ ಮುಗಿಯುವುದೂ ಇಲ್ಲ. ಮಗು ಬೆಳೆದಂತೆ ಕುರ್ಚಿ, ಕ್ಯಾಲಿಪರ್, ಬೂಟು ಎಲ್ಲವೂ ಬದಲಾಗಬೇಕು.

ನಮ್ಮ ಸಮಾಜದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ಜೈನರು ಎಂದರೆ ಕೊಡುವವರು, ಕೈ ಚಾಚುವವರಲ್ಲ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಹೊರಗಿನವರೂ ‘ನಿಮಗೇನು ಕಡಿಮೆ?’ ಎನ್ನುತ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಒಂದೆರಡು ಎಕರೆಯ ರೈತ, ಬಸದಿಯ ಅರ್ಚಕ, ನಗರದ ಅಂಗಡಿಯಲ್ಲಿ ಸಂಬಳಕ್ಕೆ ದುಡಿಯುವ ಗುಮಾಸ್ತ ಇವರ ಮನೆಯ ಲೆಕ್ಕ ಆ ಮಾತಿಗೆ ಹೊಂದುವುದಿಲ್ಲ. ಹಾಗಾಗಿ ಕೇಳಲು ಸಂಕೋಚಪಟ್ಟು, ಸಾಲ ಮಾಡಿ, ಅಥವಾ ಏನೂ ಇಲ್ಲದೆ ರೋಗಿಯನ್ನು ವರ್ಷಗಟ್ಟಲೆ ಹಾಸಿಗೆಯಲ್ಲೇ ಇಡುವ ಕುಟುಂಬಗಳಿವೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ಹೇಳಿದ ಧರ್ಮ ನಮ್ಮದು. ರೋಗಿಯ, ವೃದ್ಧರ ಸೇವೆಯನ್ನು ವೈಯಾವೃತ್ಯವೆಂದು ಕರೆದು ತಪಸ್ಸುಗಳ ಸಾಲಿನಲ್ಲಿ ಇಟ್ಟಿದೆ. ಕೊಡುವುದು ತಪಸ್ಸಾದರೆ, ಅದಕ್ಕೆ ಅವಕಾಶ ಮಾಡಿಕೊಡುವ ಬೇಡಿಕೆ ಅವಮಾನವಾಗುವುದು ಹೇಗೆ? ಈ ಲೇಖನ ಕೇಳಬೇಕಾದವರಿಗೆ. ಯಾವ ಕ್ರಮದಲ್ಲಿ, ಯಾವ ಬಾಗಿಲಲ್ಲಿ, ಏನನ್ನು ಕೇಳಬೇಕು ಎಂಬುದನ್ನು ಇಲ್ಲಿ ಕೊಟ್ಟಿದೆ.

ಮೊದಲು ಅಳತೆ, ಆಮೇಲೆ ಅರ್ಜಿ

ಹೆಚ್ಚಿನವರು ಮಾಡುವ ತಪ್ಪು ಎರಡು. ಒಂದು, ಗಾಬರಿಯಲ್ಲಿ ಹತ್ತಿರದ ಸರ್ಜಿಕಲ್ ಅಂಗಡಿಗೆ ಹೋಗಿ ಕಣ್ಣಿಗೆ ಬಿದ್ದ ಗಾಲಿಕುರ್ಚಿ ಕೊಂಡುಬಿಡುವುದು. ಎರಡು, ಶಿಬಿರದಲ್ಲಿ ಕೊಟ್ಟದ್ದನ್ನು ಅಳತೆ ನೋಡದೆ ತರುವುದು. ಸೀಟು ಅಗಲವಾದರೆ ರೋಗಿ ಒಂದು ಬದಿಗೆ ವಾಲುತ್ತಾರೆ, ಬೆನ್ನು ಸೊಟ್ಟಗಾಗುತ್ತದೆ. ಸರಿಯಾದ ದಿಂಬಿಲ್ಲದೆ ಗಂಟೆಗಟ್ಟಲೆ ಕೂತರೆ ಸ್ಪರ್ಶಜ್ಞಾನ ಇಲ್ಲದವರಿಗೆ ಒತ್ತಡದ ಹುಣ್ಣು ಆಗುತ್ತದೆ, ಮತ್ತೆ ಆಸ್ಪತ್ರೆ. ಪುಕ್ಕಟೆ ಬಂದ ಕುರ್ಚಿ ಹೀಗೆ ದುಬಾರಿಯಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ ಅವರಿಂದ ಒಂದು ಹಾಳೆಯ ಲಿಖಿತ ಶಿಫಾರಸು. ಅದರಲ್ಲಿ ಈ ವಿವರಗಳಿರಲಿ:

• ಯಾವ ಸಲಕರಣೆ, ಯಾವ ಅಳತೆ (ಗಾಲಿಕುರ್ಚಿಯಾದರೆ ಸೀಟಿನ ಅಗಲ, ಆಳ, ಕಾಲುಮಣೆಯ ಎತ್ತರ)
• ಒತ್ತಡ ತಡೆಯುವ ದಿಂಬು ಬೇಕೇ
• ಕುರ್ಚಿಯನ್ನು ರೋಗಿಯೇ ತಳ್ಳಿಕೊಳ್ಳುತ್ತಾರೋ, ಬೇರೆಯವರು ತಳ್ಳಬೇಕೋ
• ಅದು ಸಿಕ್ಕರೆ ಏನು ಬದಲಾಗುತ್ತದೆ (ಉದಾಹರಣೆಗೆ, ‘ಒಬ್ಬರ ಸಹಾಯದಿಂದ ಬಚ್ಚಲಿಗೆ ಹೋಗಬಲ್ಲರು’)

ಈ ಕೊನೆಯ ಸಾಲನ್ನು ಬಿಡಬೇಡಿ. ಅರ್ಜಿ ಓದುವವರು ಹುಡುಕುವುದು ಅದನ್ನೇ.

ಶಿಫಾರಸು ಸಿಕ್ಕ ಮೇಲೂ ಕೊಳ್ಳಲು ಅವಸರಪಡಬೇಡಿ. ಬಹಳಷ್ಟು ಸಂಸ್ಥೆಗಳು ಈಗಾಗಲೇ ಕೊಂಡ ವಸ್ತುವಿಗೆ ಹಣ ಮರಳಿಸುವುದಿಲ್ಲ. ಸಲಕರಣೆಯನ್ನೇ ಕೊಡುತ್ತವೆ ಅಥವಾ ಮಾರಾಟಗಾರರಿಗೆ ನೇರವಾಗಿ ಪಾವತಿಸುತ್ತವೆ. ತುರ್ತಾಗಿ ಬೇಕಾದರೆ ಬಾಡಿಗೆಗೆ ಅಥವಾ ಎರವಲು ತಂದು ನಿಭಾಯಿಸಿ. ಅರ್ಜಿಯ ದಾರಿ ತೆರೆದಿರಲಿ.

ಕೈಯಲ್ಲಿರಬೇಕಾದ ಕಾಗದಪತ್ರ

ಎಲ್ಲ ಬಾಗಿಲಲ್ಲೂ ಕೇಳುವುದು ಹೆಚ್ಚುಕಡಿಮೆ ಇವೇ ದಾಖಲೆಗಳನ್ನು. ಒಂದು ಫೈಲು ಮಾಡಿ, ಪ್ರತಿಯೊಂದರ ನಾಲ್ಕೈದು ಜೆರಾಕ್ಸ್ ಇಟ್ಟುಕೊಳ್ಳಿ.

• ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ
• ಆಧಾರ್, ಪಡಿತರ ಚೀಟಿ
• ತಹಶೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರ (ನಾಡಕಚೇರಿಯಲ್ಲಿ ಅರ್ಜಿ)
• ವೈದ್ಯರ ವರದಿ, ಥೆರಪಿಸ್ಟರ ಶಿಫಾರಸು
• ಎರಡು ಅಥವಾ ಮೂರು ಅಂಗಡಿಗಳ ಕೊಟೇಶನ್
• ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಭಾವಚಿತ್ರಗಳು
• ಮನೆ ಮಾರ್ಪಾಡಾದರೆ ಆ ಜಾಗದ ಫೋಟೊ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ

ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಆಮೇಲೆ ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಕೀಯ ತಪಾಸಣೆ ನಡೆಯುತ್ತದೆ. ಶೇ. 40ಕ್ಕಿಂತ ಕಡಿಮೆ ವೈಕಲ್ಯಕ್ಕೆ ಬಿಳಿ, ಶೇ. 40ರಿಂದ 79ರವರೆಗೆ ಹಳದಿ, ಶೇ. 80 ಮತ್ತು ಅದಕ್ಕಿಂತ ಹೆಚ್ಚಿಗೆ ನೀಲಿ ಪಟ್ಟಿಯ ಕಾರ್ಡ್ ಬರುತ್ತದೆ. ಹೆಚ್ಚಿನ ಸರ್ಕಾರಿ ಸೌಲಭ್ಯಗಳಿಗೆ ಶೇ. 40 ಕನಿಷ್ಠ ಮಿತಿ.

‘ವಯಸ್ಸಾದ ಮೇಲೆ ಬಂದ ತೊಂದರೆಗೆ ಕಾರ್ಡ್ ಸಿಗುವುದಿಲ್ಲ’ ಎಂಬ ತಪ್ಪು ಕಲ್ಪನೆ ಬಹಳ ಮನೆಗಳಲ್ಲಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಒಟ್ಟು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್‌ಸನ್ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಮಸ್ಕ್ಯುಲರ್ ಡಿಸ್ಟ್ರೋಫಿ ಅದರಲ್ಲಿವೆ. ಪಾರ್ಶ್ವವಾಯುವಿನಿಂದ ಕೈಕಾಲು ಸ್ವಾಧೀನ ತಪ್ಪಿದವರನ್ನು ಚಲನಾ ವೈಕಲ್ಯದಡಿ ಪರೀಕ್ಷಿಸುತ್ತಾರೆ. ವಯಸ್ಸಿನ ಅಡ್ಡಿಯಿಲ್ಲ.

ಇನ್ನೊಂದು ಗೊಂದಲ ಅಲ್ಪಸಂಖ್ಯಾತ ಸೌಲಭ್ಯದ ಬಗ್ಗೆ. 2014ರಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅದು ವಿದ್ಯಾರ್ಥಿವೇತನ, ಸಾಲ ಯೋಜನೆಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಗಾಲಿಕುರ್ಚಿ, ಶ್ರವಣಯಂತ್ರಗಳಿಗೆ ಹೋಗಬೇಕಾದದ್ದು ಅಂಗವಿಕಲರ ಇಲಾಖೆಗೆ.

ಸರ್ಕಾರದ ಬಾಗಿಲುಗಳು

ದತ್ತಿ ಸಂಸ್ಥೆಗಳನ್ನು ಕೇಳುವ ಮೊದಲು ಸರ್ಕಾರದಿಂದ ಸಿಗುವುದನ್ನು ಕೇಳಿ. ಯಾವ ಟ್ರಸ್ಟಿನವರಾದರೂ ಮೊದಲು ಕೇಳುವ ಪ್ರಶ್ನೆ ‘ಸರ್ಕಾರದಲ್ಲಿ ಪ್ರಯತ್ನಿಸಿದಿರಾ?’ ಎಂದೇ.

ಎಡಿಪ್ ಯೋಜನೆ. ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರ ಯೋಜನೆ ಇದು, 1981ರಿಂದ ನಡೆಯುತ್ತಿದೆ. ಗಾಲಿಕುರ್ಚಿ, ತ್ರಿಚಕ್ರ ಸೈಕಲ್, ಊರುಗೋಲು, ಕ್ಯಾಲಿಪರ್, ಕೃತಕ ಅಂಗ, ಶ್ರವಣಯಂತ್ರ, ಬ್ರೈಲ್ ಸಾಧನಗಳು ಇದರಲ್ಲಿ ಸಿಗುತ್ತವೆ. ತಿಂಗಳ ಆದಾಯ ₹22,500ರವರೆಗೆ ಇದ್ದರೆ ಪೂರ್ಣ ಉಚಿತ. ₹22,501ರಿಂದ ₹30,000ರವರೆಗೆ ಇದ್ದರೆ ಅರ್ಧ ನೆರವು. ಮಕ್ಕಳಾದರೆ ಪೋಷಕರ ಆದಾಯ ಲೆಕ್ಕಕ್ಕೆ ಬರುತ್ತದೆ. ಅದೇ ಉದ್ದೇಶಕ್ಕೆ ಹಿಂದಿನ 3 ವರ್ಷಗಳಲ್ಲಿ ನೆರವು ಪಡೆದಿರಬಾರದು; 12 ವರ್ಷದೊಳಗಿನ ಮಕ್ಕಳಿಗೆ ಈ ಅವಧಿ 1 ವರ್ಷ ಮಾತ್ರ. ಬೆಳೆಯುವ ಮಗುವಿನ ಮನೆಯವರು ಈ ವಿನಾಯಿತಿಯನ್ನು ನೆನಪಿಟ್ಟುಕೊಳ್ಳಬೇಕು.

ಈ ಯೋಜನೆಯ ಮುಖ್ಯ ಸಂಸ್ಥೆ ಕಾನ್ಪುರದ ಅಲಿಂಕೋ, ಅಂದರೆ ಭಾರತೀಯ ಕೃತಕ ಅಂಗಗಳ ತಯಾರಿಕಾ ನಿಗಮ. ಬೆಂಗಳೂರಿನಲ್ಲಿ ಅದರ ಘಟಕವಿದೆ. ಜಿಲ್ಲೆಗಳಲ್ಲಿ ಅದು ಮೊದಲು ತಪಾಸಣಾ ಶಿಬಿರ ನಡೆಸಿ ಅಳತೆ ತೆಗೆದುಕೊಳ್ಳುತ್ತದೆ, ವಿತರಣೆ ಆಮೇಲೆ. ತಪಾಸಣೆಯ ದಿನ ತಪ್ಪಿಸಿಕೊಂಡವರಿಗೆ ವಿತರಣೆಯ ದಿನ ಏನೂ ಸಿಗುವುದಿಲ್ಲ. ದಾವಣಗೆರೆಯಲ್ಲಿ ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರವೂ ಇದೆ. ಮಧ್ಯ ಕರ್ನಾಟಕದವರಿಗೆ ಅದು ಹತ್ತಿರ.

ರಾಷ್ಟ್ರೀಯ ವಯೋಶ್ರೀ ಯೋಜನೆ. 2017ರಲ್ಲಿ ಆರಂಭವಾದ ಇದು 60 ದಾಟಿದವರಿಗೆ. ಬಿಪಿಎಲ್ ಕಾರ್ಡ್ ಅಥವಾ ತಿಂಗಳಿಗೆ ₹15,000ಕ್ಕೆ ಮೀರದ ಆದಾಯ ಇರಬೇಕು. ಕೈಕೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ, ಕನ್ನಡಕ, ಹಲ್ಲುಸೆಟ್ಟು ಸಿಗುತ್ತವೆ. ಮಾಹಿತಿ ಬೇಕಾದ ಹಿರಿಯರು 14567 ಎಲ್ಡರ್‌ಲೈನ್ ಸಹಾಯವಾಣಿಗೆ ಕರೆ ಮಾಡಬಹುದು.

ರಾಜ್ಯದ ಇಲಾಖೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಪ್ರತಿ ಜಿಲ್ಲಾ ಕೇಂದ್ರದಲ್ಲಿದೆ. ಸಾಧನ ಸಲಕರಣೆ, ಯಂತ್ರಚಾಲಿತ ದ್ವಿಚಕ್ರ ವಾಹನ, ಅಂಧ ವಿದ್ಯಾರ್ಥಿಗಳಿಗೆ ಟಾಕಿಂಗ್ ಲ್ಯಾಪ್‌ಟಾಪ್ ಮುಂತಾದ ಯೋಜನೆಗಳಿಗೆ ಸೇವಾ ಸಿಂಧು ಮೂಲಕ ಅರ್ಜಿ ಕರೆಯುತ್ತಾರೆ. ಇವು ವರ್ಷವಿಡೀ ತೆರೆದಿರುವುದಿಲ್ಲ. ಯಾವಾಗ ಕರೆಯುತ್ತಾರೆಂದು ತಿಳಿಯಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿ.ಆರ್.ಡಬ್ಲ್ಯೂ. ಅವರನ್ನು ಪರಿಚಯ ಮಾಡಿಕೊಳ್ಳಿ. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ., ಪಟ್ಟಣದಲ್ಲಿ ಯು.ಆರ್.ಡಬ್ಲ್ಯೂ. ಇರುತ್ತಾರೆ. ಇವರ ಫೋನ್ ನಂಬರು ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಪಂಚಾಯಿತಿಯ ಶೇ. 5. ಗ್ರಾಮ ಪಂಚಾಯಿತಿ, ಪುರಸಭೆ, ನಗರಸಭೆಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಮನೆ ಮಾರ್ಪಾಡಿಗೆ ಸರ್ಕಾರಿ ಹಣ ಸಿಗಬಹುದಾದ ಅಪರೂಪದ ದಾರಿ ಇದು. ಬಾಯಿಮಾತಿನಲ್ಲಿ ಕೇಳಬೇಡಿ. ಪಿಡಿಒ ಅಥವಾ ಮುಖ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವಾರ್ಷಿಕ ಕ್ರಿಯಾಯೋಜನೆ ಸಿದ್ಧವಾಗುವ ಮುನ್ನವೇ ಕೊಟ್ಟರೆ ಹೆಸರು ಸೇರುವ ಸಾಧ್ಯತೆ ಹೆಚ್ಚು.

ಇಎಸ್‌ಐ ವ್ಯಾಪ್ತಿಯಲ್ಲಿರುವ ನೌಕರರಿಗೆ ಕೃತಕ ಅಂಗ ಮತ್ತು ಸಲಕರಣೆಗಳು ಇಎಸ್‌ಐ ಮೂಲಕವೇ ಸಿಗುತ್ತವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ₹1 ಲಕ್ಷದವರೆಗೆ ಇದೆ. ಅದರಲ್ಲಿ ಥೆರಪಿಯ ಖರ್ಚೂ ಸೇರುತ್ತದೆ. ಥೆರಪಿಯ ಹಣ ಉಳಿದರೆ ಅದನ್ನು ಸಲಕರಣೆಗೆ ಬಳಸಬಹುದು.

ದತ್ತಿ ಸಂಸ್ಥೆಗಳು

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದ ಈ ಯೋಜನೆಯ ‘ಜನಮಂಗಲ’ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ, ಕಮೋಡ್ ಗಾಲಿಕುರ್ಚಿ, ವಾಟರ್‌ಬೆಡ್, ವಾಕರ್, ಊರುಗೋಲುಗಳನ್ನು ಉಚಿತವಾಗಿ ಕೊಡಲಾಗುತ್ತದೆ. ಧರ್ಮಸ್ಥಳಕ್ಕೆ ಹೋಗಬೇಕಿಲ್ಲ. ನಿಮ್ಮ ಊರಿನ ಸೇವಾಪ್ರತಿನಿಧಿ ಅಥವಾ ವಲಯದ ಮೇಲ್ವಿಚಾರಕರಿಗೆ ತಿಳಿಸಿದರೆ ಅರ್ಜಿ ತಾಲ್ಲೂಕು ಯೋಜನಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಯೋಜನೆಯ ‘ವಾತ್ಸಲ್ಯ’ ಕಾರ್ಯಕ್ರಮ ನಿರ್ಗತಿಕರಿಗೆ ಮನೆ ಕಟ್ಟಿಕೊಡುತ್ತದೆ. ಒಂಟಿಯಾಗಿರುವ, ಯಾರೂ ದಿಕ್ಕಿಲ್ಲದ ಅಂಗವಿಕಲರು ನಿಮ್ಮ ಗಮನಕ್ಕೆ ಬಂದರೆ ಆ ವಿಷಯವನ್ನೂ ತಿಳಿಸಿ.

ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ, ಜೈಪುರ. ಮಹಾವೀರರ 2500ನೇ ನಿರ್ವಾಣ ವರ್ಷಾಚರಣೆಯ ಹೊತ್ತಿನಲ್ಲಿ, 1975ರಲ್ಲಿ, ಡಿ. ಆರ್. ಮೆಹ್ತಾ ಅವರು ಸ್ಥಾಪಿಸಿದ ಸಂಸ್ಥೆ. ಕೃತಕ ಕಾಲು, ಕ್ಯಾಲಿಪರ್ ಎಲ್ಲವೂ ಉಚಿತ. ಬಂದವರಿಗೆ ಊಟ, ವಸತಿಯೂ ಉಚಿತ. ಜಾತಿ, ಧರ್ಮ ಕೇಳುವುದಿಲ್ಲ. ‘ಜೈಪುರ ಫುಟ್’ ಹಾಕಿಕೊಂಡವರು ಬರಿಗಾಲಲ್ಲಿ ನಡೆಯಬಹುದು. ಮಂಡಿಯ ಕೆಳಗೆ ಮಾತ್ರ ಕಾಲು ಕಳೆದುಕೊಂಡವರು ಕುಕ್ಕರಗಾಲಲ್ಲಿ ಕೂರಬಹುದು, ಚಕ್ಕಳಮಕ್ಕಳ ಹಾಕಬಹುದು. ಬಸದಿಯಲ್ಲಿ ನೆಲದ ಮೇಲೆ ಕೂತು ಪೂಜೆ, ಸಾಮಾಯಿಕ ಮಾಡಬೇಕೆನ್ನುವವರಿಗೆ ಇದು ದೊಡ್ಡ ಮಾತು.

ಮಹಾವೀರ ಲಿಂಬ್ ಸೆಂಟರ್, ಹುಬ್ಬಳ್ಳಿ. ಅಖಿಲ ಭಾರತ ಜೈನ ಯುವ ಫೆಡರೇಷನ್ ನಡೆಸುವ ಈ ಕೇಂದ್ರ ಕಿಮ್ಸ್ ಆಸ್ಪತ್ರೆಯ ಆವರಣದಲ್ಲಿದೆ. ಉತ್ತರ ಕರ್ನಾಟಕದವರು ಜೈಪುರಕ್ಕೆ ಹೋಗುವ ಮೊದಲು ಇಲ್ಲಿ ವಿಚಾರಿಸುವುದು ಒಳ್ಳೆಯದು.

ಬೆಂಗಳೂರಿನ ಎರಡು ಸಂಸ್ಥೆಗಳು. 1959ರಲ್ಲಿ ಎನ್. ಎಸ್. ಹೇಮಾ ಅವರು ಆರಂಭಿಸಿದ ಎಪಿಡಿ (ಅಂಗವಿಕಲರ ಸಂಸ್ಥೆ) ಗಾಲಿಕುರ್ಚಿಗಳನ್ನು ವ್ಯಕ್ತಿಯ ಅಳತೆಗೆ ಹೊಂದಿಸುತ್ತದೆ. ಬೆನ್ನುಹುರಿ ಪೆಟ್ಟಾದವರಿಗೆ ಪುನರ್ವಸತಿಯನ್ನೂ ನಡೆಸುತ್ತದೆ. ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ 1994ರಿಂದ ಕೃತಕ ಅಂಗ, ಕ್ಯಾಲಿಪರ್, ಗಾಲಿಕುರ್ಚಿ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಈ ಎರಡೂ ಕಡೆ ಅಳತೆ, ಹೊಂದಾಣಿಕೆ, ಬಳಕೆಯ ತರಬೇತಿ ಒಟ್ಟಿಗೆ ಸಿಗುತ್ತದೆ. ಮಕ್ಕಳ ವಿಷಯದಲ್ಲಿ ಇದು ಮುಖ್ಯ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾನಸಗಂಗೋತ್ರಿಯಲ್ಲಿರುವ ಇದು ಕೇಂದ್ರ ಸರ್ಕಾರದ್ದು. ಶ್ರವಣಯಂತ್ರ ಬೇಕಾದವರು ಅಂಗಡಿಗೆ ಹೋಗುವ ಮೊದಲು ಇಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಎಡಿಪ್ ಯೋಜನೆಯ ಶ್ರವಣಯಂತ್ರವನ್ನೂ ಇಲ್ಲಿ ವಿಚಾರಿಸಬಹುದು.

ನಮ್ಮವರಿಗೆ ಒಂದು ಸೂಚನೆ: ಕೆಲವು ಕ್ಯಾಲಿಪರ್, ಬೂಟು, ಬೆಲ್ಟುಗಳಲ್ಲಿ ಚರ್ಮ ಬಳಸುತ್ತಾರೆ. ಬೇಡವಾದರೆ ಅಳತೆ ಕೊಡುವ ದಿನವೇ ಹೇಳಿ. ಪ್ಲಾಸ್ಟಿಕ್, ರೆಕ್ಸಿನ್, ವೆಲ್ಕ್ರೋ ಪಟ್ಟಿ ಬಳಸಿ ಮಾಡಲು ಸಾಧ್ಯವೇ ಎಂದು ಕೇಳಿ. ತಯಾರಾದ ಮೇಲೆ ಹೇಳಿ ವಾಪಸು ಕೊಟ್ಟರೆ ಇನ್ನೊಬ್ಬರ ಸರದಿ ಹಾಳಾಗುತ್ತದೆ.

ಸಮಾಜದ ಸಂಘ, ಮಠ, ಟ್ರಸ್ಟ್

ದಕ್ಷಿಣ ಭಾರತ ಜೈನ ಸಭಾ (1899), ಕರ್ನಾಟಕ ಜೈನ್ ಅಸೋಸಿಯೇಷನ್, ಭಾರತೀಯ ಜೈನ್ ಮಿಲನ್ ಶಾಖೆಗಳು, ಜಿತೋ ಘಟಕಗಳು, ತೇರಾಪಂಥ ಯುವಕ ಪರಿಷತ್, ಊರೂರಿನ ಬಸದಿ ಸಮಿತಿ, ಸ್ಥಾನಕವಾಸಿ ಸಂಘ, ಮಹಿಳಾ ಮಂಡಳ ಹೀಗೆ ನಮ್ಮ ಸಂಸ್ಥೆಗಳ ಪಟ್ಟಿ ಉದ್ದವಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ‘ಅಂಗವಿಕಲರ ಸಲಕರಣೆ ನಿಧಿ’ ಎಂಬ ಪ್ರತ್ಯೇಕ ಯೋಜನೆ ಇರುವುದಿಲ್ಲ. ಆದ್ದರಿಂದ ಫಾರಂ ಹುಡುಕಬೇಡಿ, ಪತ್ರ ಬರೆಯಿರಿ. ವೈದ್ಯಕೀಯ ನೆರವಿನ ಹೆಸರಿನಲ್ಲಿ, ಸಾಧರ್ಮಿಕ ಸಹಾಯದ ಹೆಸರಿನಲ್ಲಿ ಕೊಡುವ ಅವಕಾಶ ಅವರ ಬಳಿ ಇರಬಹುದು.

ಸಮಯವನ್ನೂ ನೋಡಿಕೊಳ್ಳಿ. ದಾನದ ಘೋಷಣೆಗಳು ಹೆಚ್ಚಾಗಿ ಮಹಾವೀರ ಜಯಂತಿ, ಪರ್ಯೂಷಣ, ದಶಲಕ್ಷಣ ಪರ್ವ, ಚಾತುರ್ಮಾಸದ ಹೊತ್ತಿಗೆ ಆಗುತ್ತವೆ. ಅದಕ್ಕೆ ಒಂದು ತಿಂಗಳು ಮೊದಲೇ ನಿಮ್ಮ ಪತ್ರ ಸಮಿತಿಯ ಕೈಯಲ್ಲಿರಲಿ. ಹೆಸರು ಬಹಿರಂಗ ಬೇಡವೆಂದಿದ್ದರೆ ಹಾಗೆಂದು ಪತ್ರದಲ್ಲೇ ಬರೆಯಿರಿ. ಗುಪ್ತದಾನ ನಮ್ಮಲ್ಲಿ ಹೊಸದಲ್ಲ. ಪಡೆಯುವವರ ಹೆಸರು ಗುಪ್ತವಾಗಿರಲಿ ಎಂದು ಕೇಳುವುದೂ ತಪ್ಪಲ್ಲ.

ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಕುಟುಂಬಗಳು ನೇರವಾಗಿ ಅರ್ಜಿ ಹಾಕಿ ಪ್ರಯೋಜನವಿಲ್ಲ. ಅದು ನೋಂದಾಯಿತ ಸಂಸ್ಥೆಗಳ ಮೂಲಕವೇ ಹರಿಯುತ್ತದೆ. ನಮ್ಮ ಉದ್ಯಮಿಗಳ ಪರಿಚಯವಿದ್ದರೆ, ಮೇಲೆ ಹೇಳಿದಂಥ ಒಂದು ಸಂಸ್ಥೆಯ ಜೊತೆ ಅವರನ್ನು ಜೋಡಿಸುವುದು ಸರಿಯಾದ ದಾರಿ.

ಮನೆ ಮಾರ್ಪಾಡು: ಕೆಲಸವನ್ನು ತುಂಡು ಮಾಡಿ ಕೇಳಿ

ಗಾಲಿಕುರ್ಚಿ ಕೊಡುವ ಸಂಸ್ಥೆಗಳು ಹಲವು. ಬಚ್ಚಲು ಸರಿಮಾಡಿಸಿ ಕೊಡುವವು ಬಹಳ ಕಡಿಮೆ. ಆದರೆ ಕುರ್ಚಿ ಬಂದು ಹೊಸ್ತಿಲು ದಾಟದಿದ್ದರೆ ಅದು ಕೋಣೆಯ ಒಂದು ಸಾಮಾನು ಅಷ್ಟೇ. ಹಾಗಾಗಿ ಮಾರ್ಪಾಡಿನ ಲೆಕ್ಕವನ್ನು ಸಲಕರಣೆಯ ಜೊತೆಗೇ ಹಾಕಬೇಕು.

ಮೇಸ್ತ್ರಿಯವರಿಗೆ ಹೇಳಬೇಕಾದ ಅಳತೆಗಳು ಇವು:

• ಇಳಿಜಾರು: 1ಕ್ಕೆ 12. ಸುಲಭವಾಗಿ ನೆನಪಿಡುವುದಾದರೆ ಅಂಗುಲಕ್ಕೊಂದು ಅಡಿ. ಬಾಗಿಲ ಮುಂದಿನ ಎರಡು ಮೆಟ್ಟಿಲು ಸೇರಿ 14 ಅಂಗುಲ ಎತ್ತರವಿದ್ದರೆ ಇಳಿಜಾರು 14 ಅಡಿ ಉದ್ದ ಬೇಕು. ‘ಜಾಗವಿಲ್ಲ, 5 ಅಡಿಯಲ್ಲಿ ಮುಗಿಸೋಣ’ ಎಂದರೆ ಒಪ್ಪಬೇಡಿ. ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಸಾಲದಿದ್ದರೆ ಒಂದು ತಿರುವು ಕೊಡಿ.
• ಬಾಗಿಲು: 900 ಮಿ.ಮೀ., ಅಂದರೆ ಸುಮಾರು 3 ಅಡಿ. ನಮ್ಮ ಬಚ್ಚಲ ಬಾಗಿಲು ಅನೇಕ ಕಡೆ ಎರಡೂವರೆ ಅಡಿಯೇ ಇರುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಪಕ್ಕಕ್ಕೆ ಸರಿಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ.
• ತಿರುಗಲು ಜಾಗ: 1,500 ಮಿ.ಮೀ., ಅಂದರೆ ಸುಮಾರು 5 ಅಡಿ ಸುತ್ತಳತೆಯಲ್ಲ, ಅಡ್ಡಳತೆ.
• ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಟೀಲ್ ಹಿಡಿಕೆ. ಇಡೀ ದೇಹದ ಭಾರ ತಡೆಯುವಂತೆ ಇಟ್ಟಿಗೆಗೆ ಗಟ್ಟಿಯಾಗಿ ಕೂರಿಸಬೇಕು. ಟವೆಲ್ ಹಾಕುವ ಕಂಬಿ ಹಿಡಿಕೆಯಲ್ಲ.
• ನೆಲಕ್ಕೆ ಜಾರದ ಟೈಲ್ಸ್, ರಾತ್ರಿಗೆ ಒಂದು ಸಣ್ಣ ದೀಪ, ಹಾಸಿಗೆಯ ಪಕ್ಕದಲ್ಲೇ ಸ್ವಿಚ್ಚು ಮತ್ತು ಕರೆಗಂಟೆ.

ಎಲ್ಲವನ್ನೂ ಒಮ್ಮೆಲೇ ಮಾಡಿಸಲಾಗದಿದ್ದರೆ ಬಚ್ಚಲಿನಿಂದ ಶುರು ಮಾಡಿ. ಮನುಷ್ಯನ ಮಾನ ಉಳಿಯುವುದು ಅಲ್ಲಿ. ಹೆಚ್ಚು ಜನ ಬೀಳುವುದೂ ಅಲ್ಲೇ.

ಈ ಕೆಲಸಕ್ಕೆ ಒಂದೇ ಕಡೆಯಿಂದ ಪೂರ್ತಿ ಹಣ ಬರುವುದು ಕಷ್ಟ. ಆದ್ದರಿಂದ ಅಂದಾಜುಪಟ್ಟಿಯನ್ನು ತುಂಡು ಮಾಡಿ. ಗಾರೆ ಕೆಲಸದ ಕೂಲಿಯನ್ನು ಪಂಚಾಯಿತಿಯ ಶೇ. 5ರಲ್ಲಿ ಕೇಳಿ. ಕಮೋಡು, ಟೈಲ್ಸ್, ಪೈಪು, ಹಿಡಿಕೆಗಳನ್ನು ವಸ್ತುರೂಪದಲ್ಲಿ ಕೇಳಿ. ಹಾರ್ಡ್‌ವೇರ್, ಟೈಲ್ಸ್, ಎಲೆಕ್ಟ್ರಿಕಲ್ ವ್ಯಾಪಾರದಲ್ಲಿ ನಮ್ಮ ಸಮಾಜದವರು ಬಹಳ ಮಂದಿ ಇದ್ದಾರೆ. ಹತ್ತು ಸಾವಿರ ರೂಪಾಯಿ ಕೊಡಿ ಎಂದರೆ ಯೋಚಿಸುವವರು ಗೋದಾಮಿನಲ್ಲಿ ಉಳಿದ ನಾಲ್ಕು ಪೆಟ್ಟಿಗೆ ಟೈಲ್ಸ್ ಕೊಡಿ ಎಂದರೆ ಅಂದೇ ಗಾಡಿಗೆ ಹಾಕಿಸುತ್ತಾರೆ. ಉಳಿದ ಸಣ್ಣ ಮೊತ್ತಕ್ಕೆ ಬಸದಿ ಸಮಿತಿ ಅಥವಾ ಟ್ರಸ್ಟಿಗೆ ಬರೆಯಿರಿ.

ಬಾಡಿಗೆ ಮನೆಯಲ್ಲಿದ್ದರೆ ಕಳಚಬಹುದಾದ ಇಳಿಜಾರು, ಕಮೋಡ್ ಕುರ್ಚಿ, ಸ್ನಾನದ ಕುರ್ಚಿ ಸೂಕ್ತ. ಮನೆ ಬದಲಿಸಿದಾಗ ಜೊತೆಗೇ ಬರುತ್ತವೆ. ಅಪಾರ್ಟ್‌ಮೆಂಟಿನ ಸಾಮಾನ್ಯ ಜಾಗದಲ್ಲಿ ಇಳಿಜಾರು ಬೇಕಾದರೆ ನಿವಾಸಿಗಳ ಸಂಘಕ್ಕೆ ಲಿಖಿತವಾಗಿ ಕೇಳಿ, ಸಭೆಯಲ್ಲಿ ನಿರ್ಣಯ ಮಾಡಿಸಿ.

ಪತ್ರ ಹೀಗಿರಲಿ

ಅರ್ಜಿ ಒಂದು ಪುಟ ಮೀರಬಾರದು. ಕಷ್ಟದ ಕಥೆ ನಾಲ್ಕು ಸಾಲು ಸಾಕು, ಲೆಕ್ಕ ಸ್ಪಷ್ಟವಾಗಿರಬೇಕು. ಕೆಳಗಿನ ಮಾದರಿಯಲ್ಲಿರುವ ವಿವರ, ಮೊತ್ತಗಳು ಉದಾಹರಣೆಗೆ ಮಾತ್ರ.

ಮಾನ್ಯ ಅಧ್ಯಕ್ಷರಿಗೆ,
ಜೈ ಜಿನೇಂದ್ರ.
ನನ್ನ ತಾಯಿಯವರಿಗೆ 68 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಯುಡಿಐಡಿ ಪ್ರಕಾರ ವೈಕಲ್ಯ ಶೇ. 70. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ತಿಂಗಳ ಆದಾಯ ₹18,000.
ಗಾಲಿಕುರ್ಚಿಗೆ ಅಲಿಂಕೋ ತಪಾಸಣಾ ಶಿಬಿರದಲ್ಲಿ ಅಳತೆ ಕೊಟ್ಟಿದ್ದೇವೆ. ಬಚ್ಚಲಿನ ಬಾಗಿಲು ಅಗಲ ಮಾಡಿಸಿ, ಕಮೋಡು ಮತ್ತು ಹಿಡಿಕೆ ಹಾಕಿಸಲು ಒಟ್ಟು ₹24,000 ಬೇಕು. ಪಂಚಾಯಿತಿಯಿಂದ ₹10,000 ಒಪ್ಪಿಗೆಯಾಗಿದೆ. ನಾವು ₹6,000 ಹೊಂದಿಸಿದ್ದೇವೆ. ಉಳಿದ ₹8,000ಕ್ಕೆ ತಮ್ಮ ನೆರವು ಕೋರುತ್ತೇವೆ. ಹಣವನ್ನು ಅಂಗಡಿಯವರ ಹೆಸರಿಗೇ ಪಾವತಿಸಬಹುದು.
ಇದಾದರೆ ತಾಯಿಯವರು ಒಬ್ಬರ ಆಸರೆಯಲ್ಲಿ ಬಚ್ಚಲಿಗೆ ಹೋಗಬಲ್ಲರೆಂದು ಥೆರಪಿಸ್ಟರು ಬರೆದುಕೊಟ್ಟಿದ್ದಾರೆ. ದಾಖಲೆ, ಕೊಟೇಶನ್, ಫೋಟೊ ಲಗತ್ತಿಸಿದೆ. ಕೆಲಸ ಮುಗಿದ ಮೇಲೆ ಬಿಲ್ಲು, ಫೋಟೊ ತಲುಪಿಸುತ್ತೇವೆ.

ಈ ಪತ್ರದಲ್ಲಿ ಕೊಡುವವರಿಗೆ ಬೇಕಾದ ಉತ್ತರಗಳೆಲ್ಲ ಇವೆ: ಆದಾಯ ಎಷ್ಟು, ಬೇರೆಯವರು ಎಷ್ಟು ಕೊಟ್ಟರು, ತಾವು ಎಷ್ಟು ಹಾಕಿದರು, ತಮ್ಮಿಂದ ಏನು ಬೇಕು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡಿ. ಅದು ಪೀಡಿಸುವುದಲ್ಲ, ಸಮಿತಿಯವರೂ ಅಂಗಡಿ, ಕೆಲಸದ ನಡುವೆ ಸೇವೆ ಮಾಡುವವರು, ಮರೆತಿರಬಹುದು.

ಗಮನದಲ್ಲಿರಲಿ

ಅಪಘಾತವಾಗಿದ್ದರೆ: ರಸ್ತೆ ಅಪಘಾತದಲ್ಲಿ ಅಂಗ ಕಳೆದುಕೊಂಡವರು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೃತಕ ಅಂಗದ ಬೆಲೆ, ಮುಂದಿನ ವರ್ಷಗಳಲ್ಲಿ ಅದನ್ನು ಬದಲಿಸುವ ಖರ್ಚು, ಆರೈಕೆಯವರ ಖರ್ಚು ಎಲ್ಲವನ್ನೂ ಕೇಳಬಹುದು. ಕೊಟೇಶನ್ನುಗಳನ್ನು ವಕೀಲರಿಗೆ ಕೊಡಿ.

ತೆರಿಗೆ: ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಪ್ರಕಾರ ಅವಲಂಬಿತ ಅಂಗವಿಕಲರಿಗಾಗಿ ₹75,000, ತೀವ್ರ ವೈಕಲ್ಯಕ್ಕೆ (ಶೇ. 80 ಮತ್ತು ಮೇಲ್ಪಟ್ಟು) ₹1,25,000 ಕಡಿತವಿದೆ. ತಾವೇ ಅಂಗವಿಕಲರಾದರೆ 80ಯು. ಹೊಸ ಪದ್ಧತಿಯಲ್ಲಿ ಇವು ಸಿಗುವುದಿಲ್ಲ.

ದಾನಿಗಳಿಗೆ: ವ್ಯಕ್ತಿಯ ಖಾತೆಗೆ ನೇರವಾಗಿ ಹಾಕಿದ ಹಣಕ್ಕೆ 80ಜಿ ವಿನಾಯಿತಿ ಇಲ್ಲ, ನೋಂದಾಯಿತ ಟ್ರಸ್ಟಿನ ಮೂಲಕ ಕೊಟ್ಟರೆ ಉಂಟು.

ಮೋಸ: ‘ಅರ್ಜಿ ಶುಲ್ಕ’, ‘ಫೈಲ್ ಚಾರ್ಜ್’ ಎಂದು ಮುಂಗಡ ಕೇಳುವವರಿಗೆ ಹಣ ಕೊಡಬೇಡಿ. ಒಟಿಪಿ, ಖಾಲಿ ಸಹಿ ಯಾರಿಗೂ ಬೇಡ. ಮಗುವಿನ ಫೋಟೊ ಹಾಕಿ ವಾಟ್ಸಾಪಿನಲ್ಲಿ ಹಣ ಎತ್ತಿಕೊಡುತ್ತೇವೆ ಎನ್ನುವವರು ಯಾರು, ಯಾವ ಖಾತೆಗೆ ಹಣ ಹೋಗುತ್ತದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ದುರಸ್ತಿ: ಸಲಕರಣೆ ಪಡೆಯುವಾಗಲೇ ಟಯರು, ಬೇರಿಂಗ್, ಬ್ಯಾಟರಿ ಎಲ್ಲಿ ಸಿಗುತ್ತದೆ, ಯಾರು ರಿಪೇರಿ ಮಾಡುತ್ತಾರೆ ಎಂದು ಕೇಳಿಟ್ಟುಕೊಳ್ಳಿ.

ಅಟ್ಟದ ಮೇಲಿನ ಕುರ್ಚಿ

ಕೊನೆಗೆ ಒಂದು ವಿನಂತಿ, ಇದು ಕೇಳುವವರಿಗಲ್ಲ. ಮನೆಯ ಹಿರಿಯರು ತೀರಿಕೊಂಡ ಮೇಲೆ ಅವರ ಗಾಲಿಕುರ್ಚಿ, ವಾಕರ್, ಏರ್‌ಬೆಡ್ ಅಟ್ಟ ಸೇರುತ್ತವೆ. ನೋಡಿದರೆ ನೆನಪಾಗುತ್ತದೆ ಎಂದು ಬಟ್ಟೆ ಮುಚ್ಚಿಡುತ್ತೇವೆ. ಎರಡು ಮಳೆಗಾಲ ಕಳೆದರೆ ಚಕ್ರ ತುಕ್ಕು ಹಿಡಿಯುತ್ತದೆ. ಅದೇ ಹೊತ್ತಿನಲ್ಲಿ ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆಯವರು ತಮ್ಮ ತಾಯಿಯನ್ನು ಇಬ್ಬರು ಸೇರಿ ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿರುತ್ತಾರೆ.

ಹಲವು ಊರುಗಳಲ್ಲಿ ನಮ್ಮ ಸಂಘಗಳು ಇಂಥ ಸಲಕರಣೆಗಳನ್ನು ಸಣ್ಣ ಠೇವಣಿಯ ಮೇಲೆ ಎರವಲು ಕೊಡುತ್ತಿವೆ. ನಿಮ್ಮ ಬಸದಿಯಲ್ಲಿ, ಸ್ಥಾನಕದಲ್ಲಿ ಅದಿಲ್ಲದಿದ್ದರೆ ಶುರು ಮಾಡುವುದು ಕಷ್ಟವಲ್ಲ. ಬೇಕಾದದ್ದು ಒಂದು ಸಣ್ಣ ಕೋಣೆ, ಒಂದು ರಿಜಿಸ್ಟರ್, ವರ್ಷಕ್ಕೊಮ್ಮೆ ಎಣ್ಣೆ ಹಾಕಿ ನೋಡಿಕೊಳ್ಳುವ ಒಬ್ಬ ಯುವಕ. ಮುಂದಿನ ಪರ್ವದೊಳಗೆ ಅಟ್ಟದಿಂದ ಆ ಕುರ್ಚಿ ಇಳಿಸಿ, ಒರೆಸಿ, ಕೊಟ್ಟುಬನ್ನಿ. ಔಷಧದಾನಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ.